ಪ್ರಶ್ನಾವಳಿಯ ಏಳನೆಯ ಪ್ರಶ್ನೆ

ಬಳ್ಳಾರಿ ಜಿಲ್ಲೆಯ ಜನ ಚುನಾವಣೆಗಳನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಪ್ರಶ್ನಾವಳಿಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಏಳನೆಯದು ಹೀಗಿತ್ತು: ‘ನೀವು ಹಣ ಅಥವಾ ಉಡುಗೊರೆ ಪಡೆದು ಮತ ಹಾಕಿದ್ದೀರಾ? ಹೌದು / ಇಲ್ಲ.’ ಬರೆಯುವಾಗ ಅದರಲ್ಲಿ ನನಗೇನೂ ತಪ್ಪು ಕಂಡಿರಲಿಲ್ಲ.

ಕ್ಷೇತ್ರಕಾರ್ಯದ ಮೊದಲ ದಿನ ಬಳ್ಳಾರಿ ನಗರದಲ್ಲಿ ಒಬ್ಬ ಮುಖಂಡರನ್ನು ನೋಡಲು ಹೋದೆ. ಹೆಸರು ಬೇಡ, ಪಕ್ಷವೂ ಬೇಡ. ಎರಡು ಗಂಟೆ ಕಾಯಿಸಿ ಒಳಗೆ ಕರೆದರು. ಹಾಳೆಗಳನ್ನು ತಿರುವಿಹಾಕಿ ನಕ್ಕರು. “ಹಳ್ಳಿಯೋರನ್ನ ಏನು ಕೇಳ್ತೀಯಪ್ಪಾ? ಹಿಂದಿನ ರಾತ್ರಿ ಕೈಗೆ ಐನೂರು ಬಿದ್ರೆ ಮುಗೀತು. ನನ್ನನ್ನೇ ಕೇಳು, ಅವರೆಲ್ಲರ ಉತ್ತರ ನಾನೇ ಹೇಳ್ತೀನಿ.” ಹೊರಗೆ ಹತ್ತಾರು ಜನ ಚಪ್ಪಲಿ ಬಿಟ್ಟು, ಅರ್ಜಿ ಹಿಡಿದು, ನೆಲದ ಮೇಲೆ ಕೂತಿದ್ದರು. ನಾನೂ ಅವರ ಜೊತೆ ನಕ್ಕೆ. ಮುಖಂಡರ ಜೊತೆ, ಹೊರಗಿನವರ ಜೊತೆಯಲ್ಲ.

ಮರುದಿನ ಸಿರುಗುಪ್ಪ. ಬಳ್ಳಾರಿ ಎಂದರೆ ಗಣಿಯ ಕೆಂಪು ಧೂಳು ಎಂದುಕೊಂಡವರು ಒಮ್ಮೆ ಈ ಕಡೆ ಬರಬೇಕು. ಇಲ್ಲಿ ತುಂಗಭದ್ರಾ ಕಾಲುವೆಯ ನೀರು, ಕಣ್ಣು ಹಾಯುವಷ್ಟು ದೂರ ಭತ್ತ. ಈ ತಾಲ್ಲೂಕಿನದು ಒಂದು ವಿಚಿತ್ರ: ಜಿಲ್ಲೆ ಬಳ್ಳಾರಿ, ಲೋಕಸಭೆಗೆ ಮಾತ್ರ ಕೊಪ್ಪಳ. ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ ರೈತರೊಬ್ಬರಿಗೆ ಏಳನೆಯ ಪ್ರಶ್ನೆ ಓದಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಹೌದು ಅಂತ ಬರ್ಕೋ ತಮ್ಮಾ. ಎರಡೂ ಪಾರ್ಟಿಯೋರು ಕೊಟ್ರು, ಎರಡೂ ತಗೊಂಡೆ. ಓಟು ಇರೋದು ಒಂದು. ಹಂಗಾದ್ರೆ ಯಾರಿಗೆ ಮಾರ್ಕೊಂಡೆ, ನೀನೇ ಹೇಳು.”

ನಾನು ಸುಮ್ಮನಿದ್ದೆ.

“ಬ್ಯಾಡ ಅಂದ್ರೆ, ಇವ್ನು ಆ ಕಡೆಯೋನು ಅಂತ ಮನೆ ಗುರುತು ಹಾಕ್ಕೊಂತಾರೆ. ನಾಳೆ ರೇಷನ್ ಕಾರ್ಡಿಗೆ, ಪಹಣಿಗೆ ಅವ್ರ ಬಾಗಿಲಿಗೇ ಹೋಗ್ಬೇಕಲ್ಲ? ಅದಕ್ಕೆ ತಗೊಳ್ಳೋದು. ಒಳಗೆ ಹೋಗಿ ಯಾವ ಗುಂಡಿ ಒತ್ತಿದೆ ಅನ್ನೋದು ಅವ್ರಿಗೇನು ಗೊತ್ತು?”

ನನ್ನ ಹಾಳೆಯಲ್ಲಿದ್ದದ್ದು ಎರಡೇ ಚೌಕ. ಅವರು ಹೇಳಿದ್ದು ಎರಡರಲ್ಲೂ ಹಿಡಿಸುವಂಥದ್ದಾಗಿರಲಿಲ್ಲ.

ಅದೇ ವಾರ ಕುರುಗೋಡಿಗೆ ಹೋದೆ. ದೊಡ್ಡಬಸವೇಶ್ವರ ಗುಡಿಯ ಊರು. ಮೆಣಸಿನಕಾಯಿಯ ಕಾಲ, ಕಣದ ತುಂಬ ಕೆಂಪು ಹಾಸು, ಉಸಿರೆಳೆದರೆ ಕೆಮ್ಮು. ಅಲ್ಲಿ ಕೂತು ಕಾಯಿ ಆರಿಸುತ್ತಿದ್ದ ಅಜ್ಜಿಯೊಬ್ಬರನ್ನು 1999ರ ಬಗ್ಗೆ ಕೇಳಿದೆ. ಆಗ ನಾನು ಎರಡು ವರ್ಷದ ಕೂಸು. ನನಗೆ ಗೊತ್ತಿದ್ದುದೆಲ್ಲ ಪುಸ್ತಕದ್ದು. 1952ರಿಂದಲೂ ಕಾಂಗ್ರೆಸ್ಸನ್ನೇ ಗೆಲ್ಲಿಸುತ್ತ ಬಂದಿದ್ದ ಬಳ್ಳಾರಿ, ಸೋನಿಯಾ ಗಾಂಧಿಯವರಿಗೆ ಭದ್ರ ಕ್ಷೇತ್ರವಾಗಿ ಕಂಡಿತು. ಎದುರಿಗೆ ಬಿಜೆಪಿಯ ಸುಷ್ಮಾ ಸ್ವರಾಜ್ ಬಂದರು, ಕನ್ನಡ ಕಲಿತು ಭಾಷಣ ಮಾಡಿದರು. ದೇಶವೆಲ್ಲ ಬಳ್ಳಾರಿಯತ್ತ ನೋಡಿತು. ಸೋನಿಯಾ 56,100 ಮತಗಳಿಂದ ಗೆದ್ದರು. ಅಮೇಠಿಯಲ್ಲೂ ಗೆದ್ದಿದ್ದರು. ಎರಡರಲ್ಲಿ ಒಂದನ್ನು ಬಿಡಲೇಬೇಕು, ಅದು ಕಾನೂನು. ಬಿಟ್ಟದ್ದು ಬಳ್ಳಾರಿಯನ್ನು.

“ಅವರ ಭಾಷಣ ನಿಮಗೆ ಅರ್ಥ ಆಗ್ತಿತ್ತಾ ಅಮ್ಮಾ?” ಎಂದೆ.

“ಭಾಷಣ ಬಿಡಪ್ಪಾ. ಇಬ್ರೂ ದೂರದೋರು, ನಮ್ಮ ಮನೆ ಬಾಗಿಲಿಗೆ ಬಂದ್ರಲ್ಲ ಅಂತ ಖುಷಿಯಾಗಿತ್ತು. ಅರಿಶಿನ ಕುಂಕುಮ ಕೊಟ್ಟು ಕಳಿಸೋಣ ಅನ್ನಿಸಿತ್ತು. ಗೆದ್ದ ಮೇಲೆ ಬಿಟ್ರು. ಬಿಡೋ ಮುಂಚೆ ನಮ್ಮನ್ನ ಯಾರು ಕೇಳಿದ್ರು? ಸಂಬಂಧ ಬ್ಯಾಡ ಅನ್ನೋರೂ ಒಂದು ಮಾತು ಹೇಳಿ ಕಳಿಸ್ತಾರೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬುದ್ಧಿಯಿಲ್ಲದವರು ಎನ್ನಿಸಿಕೊಂಡವರು ಇಪ್ಪತ್ತೈದು ವರ್ಷ ಒಂದು ಲೆಕ್ಕವನ್ನು ಹೀಗೆ ನೆನಪಿಟ್ಟುಕೊಂಡಿದ್ದಾರೆ.

ರಾತ್ರಿ ರೂಮಿಗೆ ಬಂದು ಫಲಿತಾಂಶಗಳ ಪಟ್ಟಿ ತೆಗೆದೆ. 2000ದ ಉಪಚುನಾವಣೆಯಲ್ಲಿ ಬಳ್ಳಾರಿ ಮತ್ತೆ ಕಾಂಗ್ರೆಸ್ಸಿಗೇ ಅವಕಾಶ ಕೊಟ್ಟಿತು. 2004ರಲ್ಲಿ, ಐದು ದಶಕಗಳಲ್ಲಿ ಮೊದಲ ಸಲ, ಸೋಲಿಸಿತು. ಗೆದ್ದ ಬಿಜೆಪಿಯೂ ಕ್ಷೇತ್ರ ತನ್ನದೇ ಎಂದುಕೊಂಡಿತು. 2018ರಲ್ಲಿ ಸಂಸದ ಶ್ರೀರಾಮುಲು ವಿಧಾನಸಭೆಗೆ ಆಯ್ಕೆಯಾಗಿ ಬಳ್ಳಾರಿ ಬಿಟ್ಟರು. ಆ ನವೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಉಗ್ರಪ್ಪ 2.4 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಇದಕ್ಕೆಲ್ಲ ಒಂದೇ ಕಾರಣ ಇರಲಿಕ್ಕಿಲ್ಲ. ಆದರೆ ಐನೂರಕ್ಕೆ ಎಲ್ಲ ಮುಗಿಯುತ್ತದೆ ಎಂಬ ಮಾತು ಈ ಪಟ್ಟಿಯ ಮುಂದೆ ನಿಲ್ಲುವುದಿಲ್ಲ.

ಮೇಲಿನವರಿಗೆ ನಾವು ಹೇಗೆ ಕಾಣುತ್ತೇವೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. 2016ರ ನವೆಂಬರ್ 8ರಂದು ನೋಟು ರದ್ದಾದಾಗ ನಾನು ಪದವಿ ವಿದ್ಯಾರ್ಥಿ. ನಾವು ಎಟಿಎಂ ಮುಂದೆ ಸಾಲು ನಿಂತಿದ್ದ ಆ ದಿನಗಳಲ್ಲೇ, 16ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವ ಜನಾರ್ದನ ರೆಡ್ಡಿಯವರ ಮಗಳ ಮದುವೆ ನಡೆಯಿತು. ಆಮಂತ್ರಣದ ಪೆಟ್ಟಿಗೆ ತೆರೆದರೆ ಎಲ್‌ಸಿಡಿ ಪರದೆ. ಹಂಪಿಯ ಮಾದರಿಯ ಸೆಟ್, ಊಟದ ಜಾಗಕ್ಕೆ ಬಳ್ಳಾರಿಯ ಹಳ್ಳಿಯ ಸೆಟ್ ಎಂದು ಪತ್ರಿಕೆಗಳು ಬರೆದವು. ನಿಜವಾದ ಬಳ್ಳಾರಿ ಎರಡು ಸಾವಿರದ ಒಂದು ನೋಟಿಗಾಗಿ ಬಿಸಿಲಲ್ಲಿತ್ತು. ಅವತ್ತು ಸಾಲಿನಲ್ಲಿ ನನಗೆ ಬಂದ ಸಿಟ್ಟು ಈಗಲೂ ನೆನಪಿದೆ.

ಆದರೆ ಆ ಸಾಲಿನಲ್ಲಿದ್ದವನೇ ಏಳನೆಯ ಪ್ರಶ್ನೆ ಬರೆದದ್ದು. ಮುಖಂಡರ ಮಾತಿಗೂ ನನ್ನ ಪ್ರಶ್ನೆಗೂ ಇದ್ದ ವ್ಯತ್ಯಾಸ ಭಾಷೆಯದಷ್ಟೇ. ಅವರು ಬಾಯಿಬಿಟ್ಟು ಅಂದರು, ನಾನು ಶಿಷ್ಟ ಕನ್ನಡದಲ್ಲಿ ಟೈಪ್ ಮಾಡಿಸಿದೆ. ಕೊಡುವವರನ್ನು ಬಿಟ್ಟು ಈಸಿಕೊಳ್ಳುವವರನ್ನಷ್ಟೇ ಕೇಳುವುದು ಸಂಶೋಧನೆ ಎಂದು ನಂಬಿದ್ದೆ.

ಎರಡು ದಿನ ಬಿಟ್ಟು ಮತ್ತೆ ಕುರುಗೋಡಿನ ಕಣಕ್ಕೆ ಹೋದೆ. ಅಜ್ಜಿಗೆ ಪ್ರಶ್ನೆ ಓದಿ ಹೇಳಿ, “ಇದನ್ನ ಹೊಡೆದು ಹಾಕ್ತೀನಮ್ಮಾ. ಇದರ ಬದಲಿ ಏನು ಕೇಳಲಿ?” ಎಂದೆ. ಅವರು ಸ್ವಲ್ಪ ಹೊತ್ತು ಕಾಯಿ ಆರಿಸಿದರು.

“ಗೆದ್ದೋರು ಮತ್ತೆ ಯಾವಾಗ ಬಂದಿದ್ರು ಅಂತ ಕೇಳು. ಅದಕ್ಕೆ ಎಲ್ರೂ ಉತ್ರ ಕೊಡ್ತಾರೆ.”

ಈಗ ಏಳನೆಯ ಪ್ರಶ್ನೆ ಅದೇ. ಚೌಕ ತೆಗೆದು ನಾಲ್ಕು ಗೆರೆಯಷ್ಟು ಜಾಗ ಬಿಟ್ಟಿದ್ದೇನೆ. ಸಾಲುತ್ತಿಲ್ಲ, ಹಾಳೆ ತಿರುವಿ ಹಿಂಬದಿಯಲ್ಲೂ ಬರೆದುಕೊಳ್ಳುತ್ತಿದ್ದೇನೆ.