ಶಕುಂತಲಾದೇವಿಯವರ ಲೆಕ್ಕ: ಚಮತ್ಕಾರವೋ, ಸಾಧನೆಯೋ?

ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಮಕ್ಕಳಿಗೆ ಮೆದಕ್ ಹೊಸ ಹೆಸರೇನಲ್ಲ. 1980ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತವರಲ್ಲಿ ಬೆಂಗಳೂರಿನ ಕನ್ನಡತಿಯೊಬ್ಬರೂ ಇದ್ದರೆಂದರೆ ನಿಮಗೆ ಆಶ್ಚರ್ಯವಾಗಬಹುದು. ಚುನಾವಣೆಯಲ್ಲಿ ಅವರು ಸೋತರು. ಆದರೆ ಅದೇ ವರ್ಷ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ, 28 ಸೆಕೆಂಡುಗಳಲ್ಲಿ ಉತ್ತರ ಹೇಳಿ ಗಿನ್ನೆಸ್ ದಾಖಲೆಗೆ ಸೇರಿದರು. ಅವರೇ ಶಕುಂತಲಾದೇವಿ.

1929ರಲ್ಲಿ ಹುಟ್ಟಿದ ಅವರ ತಂದೆ ಸರ್ಕಸ್ಸಿನ ಕಲಾವಿದರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಚಮತ್ಕಾರ ಕಲಿಸುವಾಗ ಅವಳ ನೆನಪಿನ ಶಕ್ತಿ ಅವರ ಗಮನಕ್ಕೆ ಬಂತು. ಸರ್ಕಸ್ ಬಿಟ್ಟು ಮಗಳ ಪ್ರದರ್ಶನಗಳನ್ನೇ ಏರ್ಪಡಿಸುತ್ತ ಊರೂರು ತಿರುಗಿದರು. ಕ್ರಮವಾದ ಶಾಲಾ ಶಿಕ್ಷಣವಿಲ್ಲದ ಆ ಹುಡುಗಿ ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಲೆಕ್ಕ ಮಾಡಿ ತೋರಿಸಿದಳು.

"ಅವರಿಗೆ ಅದು ದೇವರು ಕೊಟ್ಟದ್ದು ಅಪ್ಪ, ನನಗೆ ಲೆಕ್ಕ ಬರೋದಿಲ್ಲ" ಎಂದಳು ನನ್ನ ಮಗಳು. ಇಂಟರ್‌ಮೀಡಿಯಟ್‌ಗೆ ಗಣಿತವೇ ಬೇಡವೆಂದು ಹಟ ಹಿಡಿದಿದ್ದಳು. ನಾನು ವಾದ ಮಾಡಲಿಲ್ಲ. ಘನಮೂಲದ ಒಂದು ಗುಟ್ಟು ಹೇಳಿಕೊಟ್ಟೆ.

ಎರಡಂಕಿಯ ಯಾವುದಾದರೂ ಸಂಖ್ಯೆಯನ್ನು ಮೂರು ಸಲ ಗುಣಿಸಿದ ಉತ್ತರವನ್ನು ಗೆಳೆಯರು ಹೇಳಲಿ. 74,088 ಎಂದರು ಎನ್ನಿ. ಕೊನೆಯ ಅಂಕಿ 8 ಇದ್ದರೆ ಮೂಲದ ಕೊನೆಯ ಅಂಕಿ 2. 2 ಇದ್ದರೆ 8. ಹಾಗೆಯೇ 3 ಇದ್ದರೆ 7, 7 ಇದ್ದರೆ 3. ಉಳಿದ ಅಂಕಿಗಳು ಬದಲಾಗುವುದಿಲ್ಲ. ಈಗ ಕೊನೆಯ ಮೂರು ಅಂಕಿ ಬಿಡಿ, ಉಳಿದದ್ದು 74. ನಾಲ್ಕರ ಘನ 64, ಐದರದು 125. ಆದ್ದರಿಂದ ಮೊದಲ ಅಂಕಿ 4. ಉತ್ತರ 42!

ಆ ಸಂಜೆ ಅವಳು ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರನ್ನೂ ಬೆರಗುಗೊಳಿಸಿದಳು. ಗಣಿತದ ಹೆದರಿಕೆ ಒಂದೇ ದಿನಕ್ಕೆ ಹೋಗಲಿಲ್ಲ; "ಬರೋದಿಲ್ಲ" ಎಂಬ ಮಾತು ಮಾತ್ರ ನಿಂತಿತು.

ಹಾಗಾದರೆ ಶಕುಂತಲಾದೇವಿಯವರದೂ ಬರೀ ಗುಟ್ಟೇ? ಅಲ್ಲ. ಮೂಲ ಕಂಡುಹಿಡಿಯಲು ಒಳದಾರಿಗಳುಂಟು. 13 ಅಂಕಿಗಳ ಗುಣಾಕಾರಕ್ಕೆ ಅಂಥ ಸುಲಭದ ದಾರಿಯಿಲ್ಲ. 1988ರಲ್ಲಿ ಅಮೆರಿಕದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ 395 ಎಂದು, ಜೆನ್ಸನ್ ಲೆಕ್ಕವನ್ನು ಬರೆದುಕೊಳ್ಳುವುದಕ್ಕೆ ಮೊದಲೇ ಹೇಳಿದರಂತೆ. ಆದರೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವಾಗಿರಲಿಲ್ಲ. ಅಂದರೆ ಬಾಲ್ಯದಿಂದ ಸಂಖ್ಯೆಗಳೊಡನೆ ಮಾಡಿದ ಒಡನಾಟದ ಪಾಲು ಅದರಲ್ಲಿ ದೊಡ್ಡದು.

ಅವರು ಜ್ಯೋತಿಷ್ಯವನ್ನೂ ಹೇಳುತ್ತಿದ್ದರು. ಲೆಕ್ಕವನ್ನು ಯಾರು ಬೇಕಾದರೂ ತಾಳೆ ನೋಡಬಹುದಿತ್ತು; ಭವಿಷ್ಯವನ್ನು ಹಾಗೆ ನೋಡಲಾಗದು. ಅವರನ್ನು ಮೆಚ್ಚುವಾಗಲೂ ಈ ವ್ಯತ್ಯಾಸ ಮರೆಯಬಾರದು. 2013ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಮಕ್ಕಳೇ, ಮುಂದಿನ ರಾಜ್ಯೋತ್ಸವದಲ್ಲಿ ಈ ಘನಮೂಲದ ಆಟವನ್ನು ವೇದಿಕೆಯ ಮೇಲೆ, ಕನ್ನಡದಲ್ಲೇ ಅಂಕಿಗಳನ್ನು ಹೇಳುತ್ತ ಮಾಡಿ ತೋರಿಸಿ. ಚಪ್ಪಾಳೆ ಮುಗಿದ ಮೇಲೆ ಗುಟ್ಟನ್ನೂ ಎಲ್ಲರಿಗೂ ಹೇಳಿಬಿಡಿ.