ಕಾಲಿಂಚಿನ ನಟ್ಟು ಹುಡುಕಿ ಗುಂಡ್ಲುಪೇಟೆಗೆ

ಆಷಾಢದಲ್ಲಿ ಮದುವೆಗಳಿಲ್ಲ. ವಾಲಗದವರು ವಾದ್ಯ ಬಿಚ್ಚಿ ರಿಪೇರಿಗೆ ಕೂರುವುದು ಈ ತಿಂಗಳಲ್ಲೇ. ಆದರೆ ಚಾಮರಾಜನಗರದಲ್ಲಿ ಈ ಬಿಡುವಿಗೂ ಒಂದು ಗಡುವಿದೆ. ಹುಣ್ಣಿಮೆಗೆ ಚಾಮರಾಜೇಶ್ವರನ ತೇರು. ಬೇರೆ ಕಡೆ ಆಷಾಢವೆಂದು ದೂರ ಇಡುವ ಹೊಸ ಜೋಡಿಗಳು ಇಲ್ಲಿ ಕೈಹಿಡಿದು ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ಅಷ್ಟರೊಳಗೆ ಗೆಳೆಯರೊಬ್ಬರ ಮನೆಯ ಹಳೆಯ ಡೋಲು ಮತ್ತೆ ಹೆಗಲೇರಬೇಕಿತ್ತು. ಅದಕ್ಕೆ ಬೇಕಾದ ಕಬ್ಬಿಣ ಹುಡುಕಲು ನಾನು ಮೈಸೂರಿನಲ್ಲಿ ಬೆಳಗಿನ ರೈಲು ಹತ್ತಿದೆ. ನಂಜನಗೂಡು ದಾಟಿ ಹೋಗುವ ಈ ಹಳಿ ಚಾಮರಾಜನಗರದಲ್ಲಿ ಮುಗಿಯುತ್ತದೆ.

ಮೈಸೂರಿನ ವಾದ್ಯದ ಅಂಗಡಿಗಳಲ್ಲಿ ಆಗಲೇ ವಿಚಾರಿಸಿ ಬಂದಿದ್ದೆ. ಹೊಸ ಡೋಲಿನ ಪೂರ್ತಿ ಸೆಟ್ಟು ಸಿಗುತ್ತದೆ, ಹಳೆಯ ಗಾತ್ರಕ್ಕೆ ಬಿಡಿ ಸಾಮಾನು ಸಿಗುವುದಿಲ್ಲ. ಹೊಸದನ್ನೇ ತಗೊಳ್ಳಿ ಅಂದರು. ಹಲಸಿನ ದಿಮ್ಮಿಯನ್ನು ಒಳಗಿನಿಂದ ಕೊರೆದು ಮಾಡಿದ, ಎರಡು ತಲೆಮಾರಿನ ಕೈ ಬಿದ್ದ ಕಳಸಿಗೆಯನ್ನು ಹತ್ತು ಕಂಬಿಗಳಿಗಾಗಿ ಮೂಲೆಗೆ ಸೇರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮರ ಕೆಟ್ಟಿಲ್ಲ, ನಾದ ಕೆಟ್ಟಿಲ್ಲ. ಕೆಟ್ಟಿರುವುದು ಕಬ್ಬಿಣ ಮಾತ್ರ.

ಗೆಳೆಯರ ಮನೆ ಜಗಲಿಯಲ್ಲಿ ಡೋಲನ್ನು ಚಾಪೆಯ ಮೇಲೆ ಮಲಗಿಸಿ ನೋಡಿದೆವು. ಅವರ ತಾತನ ಕಾಲದಲ್ಲಿ ಇದಕ್ಕೆ ಚರ್ಮದ ಬಾರು ಬಿಗಿದಿತ್ತು. ಆ ಬಾರು ಎಳೆದೆಳೆದು ಮರದ ಮೈಮೇಲೆ ಸಾಲು ಸಾಲು ಸವಕಲು ಗೆರೆಗಳು ಮೂಡಿವೆ, ಬೆರಳಾಡಿಸಿದರೆ ಈಗಲೂ ತಿಳಿಯುತ್ತದೆ. ತಂದೆಯ ಕಾಲಕ್ಕೆ ಬಾರು ಹೋಗಿ ಎರಡೂ ಬಾಯಿಗೆ ಕಬ್ಬಿಣದ ಬಳೆ, ಬಳೆಯಿಂದ ಬಳೆಗೆ ಕಂಬಿ, ಕಂಬಿಯ ತುದಿಗೆ ನಟ್ಟು ಬಂದವು. ಡೋಲಿನ ಬಲಮುಖ ದೊಡ್ಡದು, ಬಹಳ ಬಿಗಿ. ಬಟ್ಟೆ-ಅಂಟು ಸುತ್ತಿ ಗಟ್ಟಿ ಮಾಡಿದ ಕವಚ ತೊಟ್ಟ ಬೆರಳುಗಳು ಅಲ್ಲಿ ಆಡುತ್ತವೆ. ಎಡಮುಖ ಸಡಿಲ, ಅದಕ್ಕೆ ಕೋಲು. ಮಳೆಗಾಲದ ತಂಪಿಗೆ ಚರ್ಮ ಇಳಿದಾಗ ಬಾರು ಎಳೆದು ಶ್ರುತಿಗೆ ತರುವುದು ತೋಳು ಸೋಲುವ ಕೆಲಸ. ಸ್ಪ್ಯಾನರು ಹಿಡಿದರೆ ನಾಲ್ಕು ತಿರುವಿಗೆ ಮುಗಿಯುತ್ತದೆ. ಬಾರಿನ ಡೋಲಿನ ನಾದ ಮೆತ್ತಗೆ ಅನ್ನುವವರಿದ್ದಾರೆ, ಅದು ನಿಜವೇ. ಆದರೆ ಕಬ್ಬಿಣದ ಭಾರ ಹೆಗಲಿಗೆ ತಗುಲಿಸಿಕೊಂಡು ಧಾರೆಯಿಂದ ಬೀಗರ ಔತಣದವರೆಗೆ ನುಡಿಸುವವರೇ ನಟ್ಟು ಬೇಕು ಅಂದ ಮೇಲೆ ಕೇಳುವವರು ತಕರಾರು ಮಾಡುವುದು ಸರಿಯಲ್ಲ.

ಹತ್ತು ಕಂಬಿಗಳಲ್ಲಿ ಮೂರು ಮುರಿದಿದ್ದವು. ಇನ್ನೊಂದರ ಜಾಗದಲ್ಲಿ ಹಳೇ ಸೈಕಲ್ಲಿನ ಬ್ರೇಕ್ ರಾಡನ್ನು ಬಗ್ಗಿಸಿ ಕೂರಿಸಿದ್ದರು. ತೆಳ್ಳಗಿನ ರಾಡು, ಅಲ್ಲಿ ಮಾತ್ರ ಬಳೆ ಮೇಲೆದ್ದು ಚರ್ಮ ಸೊಟ್ಟ ಕೂತಿತ್ತು. ಸುತ್ತ ಒಂದೇ ಬಿಗಿ ಇಲ್ಲದಿದ್ದರೆ ಬಲಮುಖ ಒಂದೊಂದು ಕಡೆ ಒಂದೊಂದು ಸ್ವರ ಕೊಡುತ್ತದೆ.

ಮುರಿದ ಕಂಬಿಯನ್ನು ಜೇಬಿಗೆ ಹಾಕಿಕೊಂಡು ಪೇಟೆ ಸುತ್ತಿದೆವು. ಚಾಮರಾಜನಗರ ಕರಿಕಲ್ಲಿನ ಊರು. ಇಲ್ಲಿಯ ಕಪ್ಪು ಗ್ರಾನೈಟು ದೇಶಾಂತರ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಣ್ಣಿಗೆ ಬಿದ್ದದ್ದೂ ಕ್ವಾರಿ ಯಂತ್ರಗಳಿಗಾಗುವ, ಹೆಬ್ಬೆರಳು ದಪ್ಪದ, ಕೆಜಿ ಲೆಕ್ಕದಲ್ಲಿ ಮಾರುವ ಬೋಲ್ಟುಗಳೇ. ಒಬ್ಬರು ಆರು ಎಂಎಂ ನಟ್ಟು ತಂದು ನಮ್ಮ ಕಂಬಿಗೆ ಹಿಡಿದರು. ತುದಿಗೇ ಹೋಗಲಿಲ್ಲ. "ಇದು ಹಳೇ ಅಳತೆ ಕನ ಸಾ, ಈಗ ಯಾರೂ ಕೇಳದಿಲ್ಲ" ಅಂದರು.

ಹಳೇ ಅಳತೆ ಎಂದರೆ ಕಾಲಿಂಚು, 6.35 ಮಿಲಿಮೀಟರು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್ಡು. ಕಾಲಿಂಚಿನ ಕಂಬಿಯಲ್ಲಿ ಇಂಚಿಗೆ 20 ಸುತ್ತು, ಹಲ್ಲಿನ ಕೋನ 55 ಡಿಗ್ರಿ. ಈಗಿನ ಆರು ಎಂಎಂ ಬೋಲ್ಟಿನಲ್ಲಿ ಮಿಲಿಮೀಟರಿಗೊಂದು ಸುತ್ತು, ಅಂದರೆ ಇಂಚಿಗೆ 25ಕ್ಕೂ ಮೇಲೆ, ಕೋನ 60. ಬಲವಂತ ಮಾಡಿದರೆ ಎರಡರ ಹಲ್ಲೂ ಹಾಳು. ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾಯ್ದೆ ಬಂದದ್ದು 1956ರಲ್ಲಿ, ಆದರೆ ಹಳ್ಳಿಯ ವಾದ್ಯಗಳೊಳಗೆ ಇಂಚು ಇನ್ನೂ ಜೀವಂತವಾಗಿದೆ. ಹತ್ತಕ್ಕೆ ಹತ್ತೂ ಬದಲಾಯಿಸಿ ಎಂದು ಅಂಗಡಿಯವರು ಹೇಳಿದರು. ಉಳಿದ ಆರು ಕಂಬಿ ಗಟ್ಟಿಯಾಗಿರುವಾಗ ಯಾಕೆ ಬಿಸಾಡಬೇಕು?

ಗುಂಡ್ಲುಪೇಟೆಯಲ್ಲಿ ಹಳೇ ಲೇತ್ ಇಟ್ಟವರಿದ್ದಾರೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿದೆವು, ಡೋಲು ನನ್ನ ತೊಡೆಯ ಮೇಲೆ. ತೆರಕಣಾಂಬಿ ದಾಟಿದ ಮೇಲೆ ಹೊಲಗಳ ಬಣ್ಣ ಬದಲಾಗುತ್ತದೆ. ಚೆಂಡುಹೂವು, ಸೂರ್ಯಕಾಂತಿ, ಅದರ ನಡುವೆ ಫೋಟೋ ತೆಗೆಸಿಕೊಳ್ಳುವ ಕೇರಳದ ಕಾರುಗಳು. ದಕ್ಷಿಣಕ್ಕೆ ಗೋಪಾಲಸ್ವಾಮಿ ಬೆಟ್ಟ ಮೋಡದೊಳಗಿತ್ತು.

ಗುಂಡ್ಲುಪೇಟೆ ದಾರಿಗಳು ಕವಲೊಡೆಯುವ ಊರು. ಒಂದು ಹೆದ್ದಾರಿ ವಯನಾಡು ಹಾದು ಕೋಳಿಕ್ಕೋಡಿಗೆ, ಇನ್ನೊಂದು ಊಟಿಗೆ. ಎರಡೂ ಬಂಡೀಪುರದ ಕಾಡಿನೊಳಗೇ ಹೋಗುತ್ತವೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹೊತ್ತು ಮೀರಿದ ಲಾರಿಗಳು ಈಚೆಯೇ ನಿಲ್ಲಬೇಕು. ಲಾರಿ ನಿಂತ ಕಡೆ ವರ್ಕ್‌ಶಾಪು, ವರ್ಕ್‌ಶಾಪಿದ್ದ ಕಡೆ ಹಳೇ ಸಾಮಾನು. ನಾವು ಹುಡುಕಿದ ಮನುಷ್ಯ ಸಿಕ್ಕಿದ್ದೂ ಅಂಥ ಒಂದು ತಗಡಿನ ಶೆಡ್ಡಿನಲ್ಲಿ, ಟ್ರ್ಯಾಕ್ಟರಿನ ಬಿಡಿಭಾಗಗಳ ನಡುವೆ.

ಅವರು ಕಂಬಿಯನ್ನು ಬೆಳಕಿಗೆ ಹಿಡಿದು, ಹಲ್ಲಿನ ಗೇಜನ್ನು ಒಂದೊಂದಾಗಿ ಒತ್ತಿ ನೋಡಿದರು. 20ರ ಪಟ್ಟಿ ಬೆಳಕು ಬಿಡದಂತೆ ಕೂತಿತು. ಮರದ ಪೆಟ್ಟಿಗೆಯಿಂದ, ಗ್ರೀಸು ಬಳಿದು ಕಾಗದ ಸುತ್ತಿಟ್ಟಿದ್ದ ಕಾಲಿಂಚಿನ ಡೈ ತೆಗೆದರು. ಸ್ಟೇನ್‌ಲೆಸ್ ಕಂಬಿ ಮಾಡೋಣವೇ, ತುಕ್ಕು ಬರುವುದಿಲ್ಲ ಎಂದು ನಾನು ಕೇಳಿದೆ. ಕಂಬಿಯೂ ನಟ್ಟೂ ಸ್ಟೇನ್‌ಲೆಸ್ಸಾದರೆ ಬಿಗಿಯುವಾಗ ಒಂದಕ್ಕೊಂದು ಕಚ್ಚಿಕೊಂಡು ಅಲ್ಲೇ ಹಿಡಿದುಬಿಡುತ್ತವೆ, ಆಮೇಲೆ ಕೊಯ್ದೇ ತೆಗೆಯಬೇಕು ಎಂದು ವಿವರಿಸಿದರು. ಕಂಬಿ ಸಾದಾ ಉಕ್ಕಿನದಿರಲಿ, ನಟ್ಟು ಹಿತ್ತಾಳೆಯದಿರಲಿ, ಸವೆದರೆ ನಟ್ಟು ಸವೆಯುತ್ತದೆ, ಕಂಬಿ ಉಳಿಯುತ್ತದೆ ಎಂಬುದು ಅವರ ತೀರ್ಮಾನ. ದಿನವೂ ಬಿಗಿದು ಸಡಿಲಿಸುವ ವಾದ್ಯಕ್ಕೆ ಇದಕ್ಕಿಂತ ಒಳ್ಳೆಯ ಸಲಹೆ ವಾದ್ಯದಂಗಡಿಯಲ್ಲೂ ನನಗೆ ಸಿಕ್ಕಿರಲಿಲ್ಲ.

ಡೈ ತಿರುಗುವಾಗ ಎಣ್ಣೆ ಬಿಡುತ್ತ, ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಕೂದಲೆಳೆಯಂಥ ಉಕ್ಕಿನ ಸುರುಳಿ ಕೆಳಗೆ ಬೀಳುತ್ತಿತ್ತು. ಇನ್ನೊಂದು ತುದಿಯನ್ನು ಕಾಯಿಸಿ, ಹಳೇ ಕಂಬಿಯ ಪಕ್ಕ ಇಟ್ಟು ಕೊಕ್ಕೆ ಬಗ್ಗಿಸಿದರು. ಬ್ರೇಕ್ ರಾಡಿಗೂ ಬದಲಿ ಬೇಕಲ್ಲ, ಜೊತೆಗೆ ಒಂದೆರಡು ಹೆಚ್ಚಿಗೆ ಇರಲಿ ಎಂದು ಆರು ಮಾಡಿಸಿಕೊಂಡೆವು.

ಕತ್ತಲಾಗುವ ಮುಂಚೆ ಮತ್ತೆ ಜಗಲಿ. ಗೆಳೆಯರು ನಟ್ಟುಗಳನ್ನು ಸಾಲಾಗಿ ಬಿಗಿಯಲಿಲ್ಲ. ಇದೊಂದು, ಅದರ ಎದುರಿನದೊಂದು, ಕಾಲು ಕಾಲು ತಿರುವು, ನಡುನಡುವೆ ಬೆರಳಿನ ತಟ್ಟು. ಬ್ರೇಕ್ ರಾಡಿದ್ದ ಜಾಗದಲ್ಲಿ ಬಳೆ ಮೆಲ್ಲನೆ ಇಳಿದು ಸಮವಾಯಿತು. ಬಲಮುಖ ಸುತ್ತಲೂ ಒಂದೇ ಸ್ವರ ಕೊಟ್ಟಿತು. ಎಡಮುಖದ ಚರ್ಮ ಈ ತೇರಿಗೆ ಸಾಕು, ಶ್ರಾವಣಕ್ಕೆ ಹೊಸದು ಹಾಕಿಸಬೇಕು ಅಂದರು. ಮಿಕ್ಕ ಎರಡು ಕಂಬಿಗಳನ್ನು ನಟ್ಟಿನ ಸಮೇತ ಬಟ್ಟೆಯಲ್ಲಿ ಸುತ್ತಿ ಡೋಲಿನ ಚೀಲಕ್ಕೆ ಹಾಕಿದರು. ತೇರು ಎಳೆಯುವ ಹೊತ್ತಿಗೆ ಒಂದು ಮುರಿದರೆ ಗುಂಡ್ಲುಪೇಟೆಗೆ ಹೋಗಿಬರಲಾಗುತ್ತದೆಯೇ?