ಶಿಖರದ ಮೂಗು: ಬಳ್ಳಿಗಾವೆಯ ಶುಕನಾಸಿ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಬಳ್ಳಿಗಾವೆಗೆ ಬರುವ ಯಾತ್ರಿಕರು ಕೇದಾರೇಶ್ವರ ದೇವಾಲಯದ ಮಂಟಪವನ್ನು ಹೊಕ್ಕು, ಕಂಬಗಳ ನುಣುಪಿಗೆ ಬೆರಗಾಗಿ, ಮೂರು ಗರ್ಭಗುಡಿಗಳಿಗೂ ಕೈಮುಗಿದು ಹಿಂದಿರುಗುವುದು ವಾಡಿಕೆ. ತಲೆಯೆತ್ತಿ ಶಿಖರದ ಮೂಗನ್ನು ನೋಡುವವರು ವಿರಳ. ಶಿಲ್ಪಶಾಸ್ತ್ರದ ಮಾತಿನಲ್ಲಿ ಅದು ಶುಕನಾಸಿ.

ಗರ್ಭಗುಡಿಗೂ ನವರಂಗಕ್ಕೂ ನಡುವೆ ಕಿರಿದಾದ ಅಂತರಾಳವೊಂದಿರುತ್ತದೆ. ಗರ್ಭಗುಡಿಯ ಮೇಲೆ ಶಿಖರವೇಳುವಂತೆ ಅಂತರಾಳದ ಮೇಲೆಯೂ ಕಲ್ಲಿನ ಗಿಡ್ಡ ಚಾಚೊಂದು ಶಿಖರದ ಎದೆಗಂಟಿಕೊಂಡು ಮುಂದಕ್ಕೆ ಹೊರಟಿರುತ್ತದೆ. ಎದುರಿನಿಂದ ಅದೊಂದು ಅಲಂಕೃತ ಕಮಾನು. ಪಕ್ಕಕ್ಕೆ ಸರಿದು ನಿಂತಾಗಲೇ ಗಿಳಿಮೂಗೆಂಬ ಹೆಸರಿನ ಔಚಿತ್ಯ ತಿಳಿಯುವುದು. (ಕೆಳಗಿನ ಅಂತರಾಳವನ್ನೇ ಶುಕನಾಸಿಯೆಂದು ಕರೆಯುವ ರೂಢಿ ಬೆಳೆದು ಹೊಸಬರನ್ನು ಗೊಂದಲಕ್ಕೆ ಕೆಡವಿದೆ!)

ಕೇದಾರೇಶ್ವರದ ಶುಕನಾಸಿಯ ಮೇಲೆ ಸಿಂಹದೊಡನೆ ಸೆಣಸುವ ವೀರನಿದ್ದಾನೆ. ಅವನೇ ಹೊಯ್ಸಳ ವಂಶದ ಸಳ. ಕಥೆಯಲ್ಲಿ ಅವನು ಕೊಂದದ್ದು ಹುಲಿಯನ್ನು. ಶಿಲ್ಪಿಯು ಕಡೆದದ್ದು ಸಿಂಹವನ್ನು. ಕಥೆಗಿಂತ ಕಲ್ಲಿನ ಗತ್ತೇ ಅವನಿಗೆ ಹಿರಿದಾಗಿ ತೋರಿರಬೇಕು.

ಆದರೆ ಸಳನಿರುವ ಗುಡಿಯೆಲ್ಲ ಹೊಯ್ಸಳರದೆಂದು ತೀರ್ಮಾನಿಸುವ ಅವಸರ ಸಲ್ಲದು. ಬನವಾಸಿ ನಾಡಿನ ರಾಜಧಾನಿಯಾಗಿದ್ದ ಈ ಊರು ಏಳಿಗೆ ಕಂಡದ್ದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ. ದಕ್ಷಿಣ ಕೇದಾರವೆಂದು ಹೆಸರಾದ ಈ ಗುಡಿ ಕಾಳಾಮುಖ ಯತಿಗಳ ಕೋಡಿಮಠಕ್ಕೆ ಸೇರಿತ್ತು. ಅಲ್ಲಿ ವೇದ, ವ್ಯಾಕರಣಗಳ ಪಾಠ, ಅನ್ನದಾನ, ರೋಗಿಗಳ ಚಿಕಿತ್ಸೆ ನಡೆಯುತ್ತಿದ್ದುದನ್ನು 1162ರ ಶಾಸನವು ಬಣ್ಣಿಸುತ್ತದೆ. ಆಗ ಆಳುತ್ತಿದ್ದವನು ಕಳಚೂರ್ಯ ಬಿಜ್ಜಳ. ಸಳನ ಮೂರ್ತಿಯನ್ನು ತರುವಾಯ ಏರಿಸಿದರೆಂದೇ ಬಲ್ಲವರ ಅಭಿಪ್ರಾಯ. ಹೊಯ್ಸಳರಾದರೋ ಹಿಂದೆ ಚಾಲುಕ್ಯರಿಗೆ ತಲೆಬಾಗಿದ್ದ ಸಾಮಂತರು! ಗೋಡೆಯನ್ನು ಕೆಡವದೆ, ದೇವರನ್ನು ಕದಲಿಸದೆ, ಊರಿಗೆಲ್ಲ ಕಾಣುವಂತೆ ತಮ್ಮ ಅಧಿಕಾರವನ್ನು ಸಾರಲು ಅವರಿಗೆ ಇದಕ್ಕಿಂತ ತಕ್ಕ ಎಡೆ ಮತ್ತಾವುದಿತ್ತು?

ಸಳನನ್ನು ಕಾಣಲು ಜನರು ಬೇಲೂರಿಗೆ ಧಾವಿಸುತ್ತಾರೆ. ಅಲ್ಲಿ 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಗುಡಿಗೆ ಇಂದು ಶಿಖರವಿಲ್ಲ. ಸಳನು ಬಾಗಿಲ ಬದಿಯಲ್ಲಿದ್ದಾನೆ. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಶಿಖರವಿಲ್ಲ. ಬಳ್ಳಿಗಾವೆಯಲ್ಲಿ ಮೂರು ಶಿಖರಗಳೂ ಉಳಿದಿರುವುದರಿಂದ ಸಳನನ್ನು ಅವನ ಎತ್ತರದಲ್ಲಿಯೇ ಕಾಣಬಹುದು. ಗುಡಿಯು ಪೂರ್ವಾಭಿಮುಖವಾದುದರಿಂದ ಬೆಳಗಿನ ಹೊತ್ತೇ ಲೇಸು.

ಬಿಡುವಿದ್ದವರು ಅಲ್ಲಿಂದ ಸೊರಬ ತಾಲ್ಲೂಕಿಗೆ ದಾಟಿ, ಆನವಟ್ಟಿಯ ಸಮೀಪದ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನೂ ನೋಡಬಹುದು. ಅಲ್ಲಿ ವಿಶಾಲವಾದ ಮಂಟಪವು ಮುಂದೆ ಹರಡಿಕೊಂಡಿದೆ. ಶಿಖರದ ಮೂಗನ್ನು ಕಾಣಬೇಕಾದರೆ ಪ್ರದಕ್ಷಿಣೆಯ ನಡುವೆ ಗೋಡೆಯಿಂದ ದೂರ ಸರಿದು ನಿಲ್ಲಬೇಕು.